ಐದನೇ ಮನೆಯ ಭಿಕ್ಷೆ

ಕುಬಿಹಾಳದ ಶಂಭುಲಿಂಗಪ್ಪನವರ ತಲೆ ಬೋಳೆಂಬುದು ಅವರ ಹೆಂಡತಿ ಸಾವಿತ್ರೆವ್ವನ ಹೊರತು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅವರು ಗಂಜಿ ಹಾಕಿದ ಬಿಳಿ ಟೊಪ್ಪಿಗೆ ಇಟ್ಟುಕೊಳ್ಳುತ್ತಿದ್ದರು, ದೀಪ ಆರಿದ ಮೇಲೆ ತೆಗೆಯುತ್ತಿದ್ದರು. ಟೊಪ್ಪಿಗೆಯ ಕೆಳಗೆ ಕಣ್ಣಿಗೆ ಚಾಳೀಸು, ಚಾಳೀಸಿನ ಕೆಳಗೆ ಕರಿ ಕೋಟು, ಕೋಟಿನ ಕೆಳಗೆ ಇಸ್ತ್ರಿ ಮಾಡಿದ ಧೋತರ. ಇಷ್ಟನ್ನೂ ಕೂಡಿಸಿ ಊರವರು ಶಂಭುಲಿಂಗಪ್ಪನವರು ಎನ್ನುತ್ತಿದ್ದರು.

ಯಾರ ಮುಂದೂ ಕೈ ಒಡ್ಡದಿರುವುದು ಅವರ ಮನೆತನದ ದೊಡ್ಡಸ್ತಿಕೆ. ಬಿತ್ತನೆಗೆ ನೆರೆಮನೆಯ ಕೂರಿಗೆ ಬೇಕಾದರೂ ಅವರು ಕೇಳುತ್ತಿರಲಿಲ್ಲ. ನಿಮ್ಮ ಕೂರಿಗೆ ಸುಮ್ಮನೆ ಬಿದ್ದಿದೆ, ನಮ್ಮ ಹೊಲಕ್ಕಾದರೂ ಬಂದು ಹೋದರೆ ಅದಕ್ಕೂ ಒಳ್ಳೆಯದು ಎಂದು ಹೇಳಿಕಳಿಸುತ್ತಿದ್ದರು. ಮದುವೆಮನೆಯಲ್ಲಿ ಯಾರಾದರೂ ಬಂದು ಕೈಹಿಡಿದು ಎಬ್ಬಿಸುವತನಕ ಊಟಕ್ಕೆ ಏಳುತ್ತಿರಲಿಲ್ಲ. ಒಮ್ಮೆ ಗುಡಗೇರಿಯ ಮದುವೆಯಲ್ಲಿ ಕೈಹಿಡಿಯುವವರು ಮರೆತದ್ದರಿಂದ ಉಪವಾಸವೇ ಊರಿಗೆ ಬಂದು, ಊಟ ಅಗದಿ ಚೆನ್ನಾಗಿತ್ತೆಂದು ವಾರವೆಲ್ಲ ಹೊಗಳಿದ್ದರು.

ಇಂಥ ಮನುಷ್ಯನ ಹೆಸರಿನಲ್ಲಿ ಸಾವಿತ್ರೆವ್ವ ಭಿಕ್ಷೆಯ ಹರಕೆ ಹೊತ್ತಿದ್ದಳು.

ತಪ್ಪು ಅವಳದಲ್ಲ, ಟೈಫಾಯ್ಡಿನದು. ಶಂಭುಲಿಂಗಪ್ಪನವರು ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ ಕುಂದಗೋಳದಿಂದ ಬಂದ ಡಾಕ್ಟರು ಏನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡಿದ್ದರು. ಡಾಕ್ಟರು ಬೈದರೆ ಭಯವಿಲ್ಲ, ಸುಮ್ಮನಾದರೆ ಭಯ. ಸಾವಿತ್ರೆವ್ವ ನವಲಗುಂದದ ದಿಕ್ಕಿಗೆ ತಿರುಗಿ, ಆ ಕಡೆಯ ಕರೇಗಟ್ಟಿ ಮಠದ ಜೋಳಿಗಿ ಅಜ್ಜನಿಗೆ ಸೆರಗೊಡ್ಡಿದಳು. ಇವರನ್ನು ಎಬ್ಬಿಸಿ ಕೂರಿಸು, ನಿನ್ನ ಊರಿನಲ್ಲಿ ಇವರ ಕೈಯಿಂದ ಭಿಕ್ಷೆ ಬೇಡಿಸುತ್ತೇನೆ ಎಂದಳು. ಅಜ್ಜ ಎಬ್ಬಿಸಿ ಕೂರಿಸಿದ. ಕುಳಿತ ಮೇಲೆ ಸುದ್ದಿ ತಿಳಿದ ಶಂಭುಲಿಂಗಪ್ಪನವರು, ಬೆಳ್ಳಿಯ ಕಣ್ಣು, ತುಪ್ಪದ ದೀಪ ಇಂಥದ್ದೇನಾದರೂ ಬೇಡಿಕೊಳ್ಳಬಾರದಿತ್ತೇ, ಒಂದು ಮಾತು ಕೇಳಬಾರದಿತ್ತೇ ಎಂದು ನರಳಿದರು.

"ನೀವು ಎಚ್ಚರ ಇದ್ದಿದ್ರ ಕೇಳತಿದ್ದೆ" ಎಂದಳು ಸಾವಿತ್ರೆವ್ವ.

ಕರೇಗಟ್ಟಿಯ ಅಜ್ಜ ಎಲ್ಲಿಂದಲೋ ಬಂದವನಂತೆ, ಸಾಯುವತನಕ ತನ್ನ ಹೆಸರು ಹೇಳಲಿಲ್ಲವಂತೆ. ದಿನಾ ಐದು ಮನೆಯಲ್ಲಿ ನಿಂತು ಬೇಡುತ್ತಿದ್ದ. ಆದರೆ ಪುಕ್ಕಟೆ ಬೇಡುತ್ತಿರಲಿಲ್ಲ. ಮನೆಯವರು ಏನು ಕೆಲಸ ಹೇಳಿದರೂ ಮಾಡಿಕೊಟ್ಟು, ಆಮೇಲೆ ರೊಟ್ಟಿಗೆ ಜೋಳಿಗೆ ಹಿಡಿಯುತ್ತಿದ್ದ. ಐದೂ ಮನೆಯದು ಕೂಡಿದ ಮೇಲೆಯೇ ಉಣ್ಣುತ್ತಿದ್ದ. ಹರಕೆ ಹೊತ್ತವರೂ ಹಾಗೆಯೇ ಮಾಡಬೇಕು. ತನ್ನ ಹೆಸರು, ಊರು ಹೇಳಬಾರದು. ಯಾರು ಕೇಳಿದರೂ ಅಜ್ಜನ ಆಳು ಎನ್ನಬೇಕು. ಕರೆದ ಮನೆಯನ್ನು ಬಿಟ್ಟು ಮುಂದೆ ಹೋಗಬಾರದು, ಹೇಳಿದ ಕೆಲಸಕ್ಕೆ ಒಲ್ಲೆ ಅನ್ನಬಾರದು. ಕರೇಗಟ್ಟಿಯ ಜನ ಕರುಣೆಯುಳ್ಳವರು, ಅಂಗಳಕ್ಕೆ ಎರಡು ಎಳೆ ಕಸಬರಿಗೆ ಆಡಿಸಲು ಹೇಳಿ ರೊಟ್ಟಿ ಕೊಟ್ಟು ಕಳಿಸುತ್ತಿದ್ದರು.

ಶಂಭುಲಿಂಗಪ್ಪನವರು ಮೊದಲು ಮಳೆಗಾಲ ಮುಗಿಯಲಿ ಎಂದರು, ಆಮೇಲೆ ಸುಗ್ಗಿ ಮುಗಿಯಲಿ ಎಂದರು, ಆಮೇಲೆ ಎಲೆಕ್ಷನ್ ಮುಗಿಯಲಿ ಎಂದರು. ಈ ನಡುವೆ ಮಗಳು ನೀಲವ್ವನಿಗೆ ಬಂದ ಸಂಬಂಧಗಳೆಲ್ಲ ಹೊಸ್ತಿಲತನಕ ಬಂದು ಹಿಂದೆ ಹೋದವು. ಕೊನೆಗೆ ಯರಗುಪ್ಪಿಯ ಕುಬೇರಪ್ಪ, ಮದುವೆ ಕುದುರಿಸುವುದನ್ನೇ ಒಕ್ಕಲುತನ ಮಾಡಿಕೊಂಡ ಮನುಷ್ಯ, ಅಣ್ಣಿಗೇರಿಯ ಈರಬಸಪ್ಪನವರ ಮಗನನ್ನು ತಂದ. ಹುಡುಗ ಹೈಸ್ಕೂಲ್ ಮಾಸ್ತರ. ಹೆಣ್ಣು ನೋಡಿ ಹೋಗಿದ್ದರು, ಒಪ್ಪಿದ್ದರು. ಬರುವ ರವಿವಾರ ಕುಬಿಹಾಳದವರು ಅಣ್ಣಿಗೇರಿಗೆ ಹೋಗಿ ಮನೆ ನೋಡಿ, ಎಲೆ-ಅಡಿಕೆ ಬದಲಾಯಿಸಿಕೊಂಡು ಬರುವುದೆಂದಾಯಿತು. ನೀಲವ್ವ ಹೊಸ ಸೀರೆಗೆ ಅಂಚು ಹೊಲಿಯುತ್ತ ಕೂತಳು. ಅವಳು ಹಾಗೆ ಕೂತದ್ದನ್ನು ನೋಡಿ ಸಾವಿತ್ರೆವ್ವ ಗಂಡನ ಎದುರಿಗೆ ಬಂದು ನಿಂತಳು.

"ಹರಕಿ ತೀರಿಸದ ನಾ ಅಣ್ಣಿಗೇರಿ ಮನೀ ಹೊಸ್ತಿಲಾ ತುಳಿಯಾಂಗಿಲ್ಲ. ಇದೂ ಒಂದು ತಪ್ಪಿ ಹೋದ್ರ ಆಕಿ ಮುಖಾ ನೀವ ನೋಡ್ರಿ."

ಹೀಗೆ ಗುರುವಾರ ಹೋಗುವುದೆಂದು ನಿಕ್ಕಿಯಾಯಿತು. ಭಿಕ್ಷೆಗೆ ಹೋಗುತ್ತೇನೆಂದು ಊರಲ್ಲಿ ಹೇಳುವಂತಿರಲಿಲ್ಲ. ಕಟ್ಟೆಯ ಮೇಲೆ ಕುಬೇರಪ್ಪ ಸಿಕ್ಕು, ಗುರುವಾರ ಎಲ್ಲಿಗೆ ಸವಾರಿ ಎಂದು ಕೇಳಿದಾಗ ಹುಬ್ಬಳ್ಳಿಗೆ ಎಂದರು. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಟೊಪ್ಪಿಗೆ ಇಟ್ಟ ಮನುಷ್ಯ ಸುಮ್ಮಸುಮ್ಮನೆ ಹುಬ್ಬಳ್ಳಿಗೆ ಹೋಗುವುದುಂಟೇ? ಬಾಯಿ ತಾನಾಗಿಯೇ ಮುಂದುವರಿಯಿತು. "ಒಂದು ಟ್ರ್ಯಾಕ್ಟರ್ ನೋಡಿ ಬರೂಣಂತ."

ಟ್ರ್ಯಾಕ್ಟರ್ ಎಂಬ ಮಾತು ಹೇಳಿದವರ ಬಾಯಲ್ಲೇ ಇದ್ದುಬಿಡುವ ಮಾತಲ್ಲ. ಸಂಜೆಯ ಹೊತ್ತಿಗೆ ಅದು ಊರು ಸುತ್ತಿತು. ನೆರೆಮನೆಯ ದುಂಡವ್ವ ಬಂದು, ಮೊದಲ ನೇಗಿಲು ನನ್ನ ತುಂಡು ಹೊಲದಲ್ಲೇ ಹೂಡಬೇಕು ಎಂದು ಮಾತು ತೆಗೆದುಕೊಂಡು ಹೋದಳು. ಮರುದಿನ ಕುಬೇರಪ್ಪ ಅದನ್ನು ಅಣ್ಣಿಗೇರಿಗೂ ಮುಟ್ಟಿಸಿ ಬಂದ.

ಗುರುವಾರ ಶಂಭುಲಿಂಗಪ್ಪನವರು ಹುಬ್ಬಳ್ಳಿಗೆ ಹೋದದ್ದು ನಿಜ, ಅಲ್ಲಿ ಬಸ್ಸು ಬದಲಾಯಿಸಲು. ಬೆಣ್ಣಿಹಳ್ಳದ ಎರೆ ಹೊಲಗಳ ನಡುವೆ ಇಳಿದಾಗ ಬಿಸಿಲು ಏರಿತ್ತು. ಕರೇಗಟ್ಟಿ ಎಂದರೆ ಒಂದು ಮಠ, ಮಠದ ಮುಂದೆ ತೆಂಗಿನಕಾಯಿ ಮಾರುವ ನಾಲ್ಕಾರು ಅಂಗಡಿ, ಒಂದು ಉದ್ದನೆಯ ಓಣಿ. ಮಠ ನೋಡಿಕೊಳ್ಳುವ ಮುದುಕ ಹೊಳಬಸಪ್ಪ ಹರಕೆಯ ಸುದ್ದಿ ಕೇಳಿ, ಕೈ ಚಾಚಿ, ಮೊದಲು ಕೋಟು ಇಸಿದುಕೊಂಡ. ಆಮೇಲೆ ಚಪ್ಪಲಿ. ಆಮೇಲೆ ಟೊಪ್ಪಿಗೆ.

ಟೊಪ್ಪಿಗೆ ಇರಲಿ ಎಂದು ಶಂಭುಲಿಂಗಪ್ಪನವರು ಬಗೆಬಗೆಯಾಗಿ ಹೇಳಿದರು. ಬಿಸಿಲಿದೆ ಎಂದರು, ತಲೆನೋವಿನ ಪ್ರಕೃತಿ ಎಂದರು. ಹೊಳಬಸಪ್ಪನ ಕೈ ಚಾಚಿದಲ್ಲೇ ಇತ್ತು. ಕೊನೆಗೆ ಟೊಪ್ಪಿಗೆ ಆ ಕೈಗೆ ಹೋಯಿತು. ಕೈ ಹಿಂದೆ ಸರಿಯಲಿಲ್ಲ.

"ಇನ್ನೇನ್ರಿ? ಚಾಳೀಸನೂ?"

"ಅಜ್ಜಗ ಚಾಳೀಸ ಇರಲಿಲ್ರಿ" ಎಂದ ಹೊಳಬಸಪ್ಪ.

ಹೆಗಲಿಗೆ ಒಂದು ಕಂಬಳಿ, ಕೈಗೆ ಕಾವಿ ಜೋಳಿಗೆ ಬಂತು. ಶಂಭುಲಿಂಗಪ್ಪನವರು ಓಣಿಗೆ ಕಾಲಿಟ್ಟರು. ತಲೆಯ ಮೇಲೆ ಗಾಳಿ ಆಡುವುದು ಹೇಗಿರುತ್ತದೆಂಬುದನ್ನು ಅವರು ಮರೆತೇಬಿಟ್ಟಿದ್ದರು. ಇಡೀ ಧಾರವಾಡ ಜಿಲ್ಲೆ ಎದ್ದು ನಿಂತು ತಮ್ಮ ನೆತ್ತಿಯನ್ನೇ ನೋಡುತ್ತಿದೆ ಎನ್ನಿಸಿ ಬೆವತರು. ನಿಜವಾಗಿ ನೋಡುತ್ತಿದ್ದುದು ಒಂದು ಎಮ್ಮೆ ಮಾತ್ರ.

ಮೊದಲ ಮನೆಯ ಬಾಗಿಲಲ್ಲಿ ಅವರು ಬೀಗರು ಬಂದಂತೆ ಕೆಮ್ಮಿದರು. ಒಳಗಿಂದ ಬಂದ ಹೆಣ್ಣುಮಗಳು ಯಾರು ಎಂದಳು. ಹೆಸರು ಹೇಳುವಂತಿಲ್ಲ. "ಅಜ್ಜನ ಭಿಕ್ಷಾ" ಎಂಬ ಎರಡು ಮಾತು ಗಂಟಲಿನಿಂದ ಹೊರಟು ಹಲ್ಲಿನ ಹತ್ತಿರ ನಿಂತುಬಿಟ್ಟವು. ಸ್ವಲ್ಪ ಜೋರಾಗಿ ಅನ್ನಿ, ನಮ್ಮ ಅತ್ತೆಗೂ ಕೇಳಲಿ, ಅವರಿಗೆ ಕಿವಿ ಮಂದ ಎಂದಳು ಅವಳು. ಅತ್ತೆಗೆ ಕೇಳುವಷ್ಟು ಜೋರಾಗಿ ಅಂದಾಗ ಓಣಿಗೆಲ್ಲ ಕೇಳಿತು. ಅಲ್ಲಿ ಅವರು ತೊಟ್ಟಿಲು ತೂಗಿದರು. ಮುಂದಿನ ಮನೆಯಲ್ಲಿ ಕಸ ಹೊಡೆದರು. ಅದರ ಮುಂದಿನದರಲ್ಲಿ ಕೊಡ ತುಂಬಿ ಕೊಟ್ಟರು. ಪ್ರತಿ ಮನೆಯಲ್ಲೂ ಜೋಳಿಗೆಗೆ ಒಂದು ಜೋಳದ ರೊಟ್ಟಿ ಬಿತ್ತು, ಪ್ರತಿ ಸಲವೂ ಅವರು ಕಣ್ಣುಮುಚ್ಚಿದರು.

ನಾಲ್ಕನೆಯದು ಅಮೀರಬಿ ಎಂಬ ಮುದುಕಿಯ ಮನೆ. ಅವಳು ಆಡಿನ ಕಾಲು ಹಿಡಿದುಕೊಳ್ಳಲು ಹೇಳಿ ಹಾಲು ಹಿಂಡಿಕೊಂಡಳು. ರೊಟ್ಟಿ ಹಾಕುವಾಗ, ಕೆಳಗೆ ಮುಖ ಮಾಡಿ ನಿಂತಿದ್ದ ಈ ದೊಡ್ಡ ಮನುಷ್ಯನ ಗಲ್ಲ ಎತ್ತಿ ನೋಡಿದಳು.

"ಶರಮ ಬ್ಯಾಡಪ್ಪಾ. ಎಲ್ಲಾರಿಗೂ ಹಂಗ ಆಗತೈತಿ. ಐದನೇ ಮನಿ ಮುಗಿಯೂದ್ರಾಗ ಹೋಗತೈತಿ ಅದು."

ಈ ಮಾತಿನಿಂದ ಶಂಭುಲಿಂಗಪ್ಪನವರಿಗೆ ಎಷ್ಟು ಧೈರ್ಯ ಬಂತೆಂದರೆ, ಬಾಜು ಮನೆಯ ಮುಂದೆ ನಿಂತು ಕೆಮ್ಮದೆಯೇ, ಮೊದಲ ಮನೆಯ ಅತ್ತೆಗೂ ಕೇಳುವಂತೆ, "ಅಜ್ಜನ ಭಿಕ್ಷಾ" ಎಂದು ಕೂಗಿದರು. ದೊಡ್ಡ ಮನೆ. ಮುಂದೆ ಒಂದು ಚಕ್ಕಡಿ ನಿಂತಿತ್ತು. ಒಳಗಿಂದ ಕೆಂಪು ರುಮಾಲಿನಂಥದ್ದೊಂದು ಹೊರಬಂತು. ಚಾಳೀಸಿಲ್ಲದ ಕಣ್ಣಿಗೆ ಅದರ ಕೆಳಗೆ ಯಾರಿದ್ದಾರೆಂದು ಕಾಣಲಿಲ್ಲ. ಆದರೆ ದನಿ ಕೇಳಿಸಿತು.

"ಏ, ಅಜ್ಜನ ಆಳೇನು? ಬಾ ಬಾ. ಬರೋಬ್ಬರಿ ಟೈಮಿಗೆ ಬಂದಿ ನೋಡು."

ಹೆಣ್ಣು ನೋಡಲು ಬಂದ ದಿನ ತಮ್ಮ ಪಡಸಾಲೆಯಲ್ಲಿ ಮೂರು ತಾಸು ಕೇಳಿದ ದನಿ ಅದು. ಅಣ್ಣಿಗೇರಿಯ ಈರಬಸಪ್ಪನವರು. ರವಿವಾರ ಎಲೆ-ಅಡಿಕೆ ಬದಲಾಯಿಸಬೇಕಾದ ಬೀಗರು.

ಓಡಿಹೋಗುವಂತಿರಲಿಲ್ಲ, ಕರೆದಾಗಿತ್ತು. ನಾನು ಇಂಥವನೆಂದು ಹೇಳುವಂತಿರಲಿಲ್ಲ, ಅಜ್ಜನ ಕಟ್ಟಳೆ ಅಡ್ಡ ಬರುತ್ತಿತ್ತು. ಶಂಭುಲಿಂಗಪ್ಪನವರು ಕಂಬಳಿಯನ್ನು ಮೂಗಿನತನಕ ಎಳೆದುಕೊಂಡು, ಬಾಯಿ ಬಾರದವರಂತೆ ತಲೆ ಆಡಿಸಿದರು. ಅದು ಈರಬಸಪ್ಪನವರ ತಂಗಿ ಸುಶೀಲವ್ವನ ಮನೆ. ತಂಗಿ ಹಳ್ಳಕ್ಕೆ ಕೌದಿ ಒಗೆಯಲು ಹೋಗಿದ್ದಳು. ಅವಳು ಬರುವುದರೊಳಗೆ ಮನೆಯ ಮುಖ್ಯ ಸಾಮಾನುಗಳನ್ನು ಚಕ್ಕಡಿಗೆ ಏರಿಸಿಬಿಡಬೇಕೆಂದು ಅಣ್ಣ ಅವಸರದಲ್ಲಿದ್ದರು. ಕೊಡುತ್ತೇನೆಂದು ತಂಗಿ ಒಪ್ಪಿದ್ದಳಾದರೂ, ಎರಡನೇ ಸಲ ಕೇಳಿದರೆ ಒಲ್ಲೆ ಎನ್ನುತ್ತಾಳೆಂಬ ಅನುಮಾನ ಅವರಿಗಿತ್ತು.

ಮೊದಲು ಹಿತ್ತಾಳೆಯ ಹಂಡೆಗಳು ಹೋದವು. ಆಮೇಲೆ ಗೋಡೆ ಗಡಿಯಾರ. ಅದು ಗೋಡೆಯ ಮೇಲೆ ವಾರೆಯಾಗಿ ತೂಗುತ್ತಿತ್ತು. ಶಿಸ್ತಿನ ಮನುಷ್ಯರಾದ ಶಂಭುಲಿಂಗಪ್ಪನವರು ಇಳಿಸುವ ಮುಂಚೆ ಅಭ್ಯಾಸಬಲದಿಂದ ಅದನ್ನು ನೆಟ್ಟಗೆ ಮಾಡಿದರು. ಅದು ನಿಂತುಬಿಟ್ಟಿತು.

"ವಾರಿ ಮಾಡಲೇ ಬೋಳಾ" ಎಂದು ಈರಬಸಪ್ಪನವರು ಗದರಿದರು. "ಅದು ಬಲಕ್ಕ ವಾರಿ ಇದ್ರನ ನಡೀತೈತಿ."

ಕುಬಿಹಾಳದಲ್ಲಿ ಮೂವತ್ತು ವರ್ಷ ಟೊಪ್ಪಿಗೆಯಡಿ ಕಾಪಾಡಿದ ಗುಟ್ಟನ್ನು ಬೀಗರು ಒಂದೇ ಮಾತಿನಲ್ಲಿ ಬಯಲಿಗೆಳೆದಿದ್ದರು. ಶಂಭುಲಿಂಗಪ್ಪನವರು ವಾರೆ ಮಾಡಿದರು. ಗಡಿಯಾರ ಟಿಕ್ ಎಂದಿತು. ಇಳಿಸಿದರು.

ಕೊನೆಗೆ ಬಂದದ್ದು ತೂಗುಮಂಚ. ತೇಗಿನ ಹಲಗೆ, ನಾಲ್ಕು ಹಿತ್ತಾಳೆ ಸರಪಳಿ. ಚಕ್ಕಡಿಯವನು ಎತ್ತು ಹಿಡಿದು ನಿಂತಿದ್ದ. ಈರಬಸಪ್ಪನವರಿಗೆ ಸೊಂಟನೋವಿತ್ತು. ಹಲಗೆ ಅಜ್ಜನ ಆಳಿನ ಬೋಳು ತಲೆಯ ಮೇಲೆ ಕೂತಿತು. ಅದರ ಹಿಂದೆ ನಡೆಯುತ್ತ ಈರಬಸಪ್ಪನವರು ಚಕ್ಕಡಿಯವನಿಗೆ ತಮ್ಮ ಕಷ್ಟ ಹೇಳಿಕೊಂಡರು. ಕುಬಿಹಾಳದ ಬೀಗರು ಬಹಳ ಘನತೆಯ ಮನುಷ್ಯರು, ಯಾರ ಮುಂದೂ ಕೈ ಒಡ್ಡಿದವರಲ್ಲ, ಅವರ ಟೊಪ್ಪಿಗೆ ನೋಡಿದರೇ ಎದೆ ಹೊಡೆದುಕೊಳ್ಳುತ್ತದೆ ಎಂದರು.

"ಅಂಥಾದ್ರಾಗ ಈಗ ಟ್ರ್ಯಾಕ್ಟರ್ ತಗೋಳಾಕ ಹೋಗ್ಯಾರಂತ. ಇಲ್ಲಾಂದ್ರ ನಾ ಯಾಕ ಈ ಸಾಮಾನಾ ಬೇಡಕೊಂಡು ಬರತಿದ್ದೆ? ಟ್ರ್ಯಾಕ್ಟರ್ ಇದ್ದ ಮನುಷ್ಯಾನ್ನ ಚಾಪಿ ಮ್ಯಾಲ ಕುಂದರಸಾಕ ಆಕ್ಕೈತೇನು?"

ಹಲಗೆಯ ಕೆಳಗೆ ಶಂಭುಲಿಂಗಪ್ಪನವರ ಕಾಲು ಒಂದು ಸಲ ತಡವರಿಸಿತು. ತಾವು ಕಟ್ಟೆಯ ಮೇಲೆ ಬಿಟ್ಟ ಟ್ರ್ಯಾಕ್ಟರ್ ಅಣ್ಣಿಗೇರಿಗೆ ಹೋಗಿ, ಕರೇಗಟ್ಟಿಗೆ ಬಂದು, ತೂಗುಮಂಚವಾಗಿ ತಮ್ಮ ನೆತ್ತಿಯ ಮೇಲೆಯೇ ಹತ್ತಿ ಕೂತಿತ್ತು.

ಸಾಮಾನು ಕಟ್ಟಿಯಾಯಿತು. ಈರಬಸಪ್ಪನವರು ಹತ್ತಿ ಕೂತರು. ಆಳು ಇನ್ನೂ ಜೋಳಿಗೆ ಹಿಡಿದು ನಿಂತದ್ದು ಕಂಡು, ರೊಟ್ಟಿ ಎಲ್ಲಿಟ್ಟಿದ್ದಾಳೋ ತಂಗಿ ನನಗೇನು ಗೊತ್ತು ಎಂದು ಅಂಗಿಯ ಕಿಸೆ ತಡಕಿ, ಒಂದು ಬೀಡಿ ಕಟ್ಟು ತೆಗೆದು ಜೋಳಿಗೆಗೆ ಹಾಕಿದರು. ಚಕ್ಕಡಿ ಹೋಯಿತು. ಬೀಡಿ ಕೂಲಿಯಾದೀತೇ ಹೊರತು ಭಿಕ್ಷೆಯಲ್ಲ. ಶಂಭುಲಿಂಗಪ್ಪನವರು ಬರಿದಾದ ಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಸುಶೀಲವ್ವ ಬರುವತನಕ ಕಾಯಬೇಕಿತ್ತು. ಆದರೆ ಬಂದವಳು ರವಿವಾರ ಅಣ್ಣಿಗೇರಿಯಲ್ಲೂ ಕಂಡರೆ? ಆ ನಾಚಿಕೆಗೆ ಅಜ್ಜನ ಭಯವೂ ಸೋತಿತು. ಅವರು ಮಠಕ್ಕೆ ಬಂದು ಕಂಬಳಿ ಇಟ್ಟು, ನಿದ್ದೆಹೋಗಿದ್ದ ಹೊಳಬಸಪ್ಪನ ತಲೆದೆಸೆಯಿಂದ ತಮ್ಮ ಅರಿವೆ ಎತ್ತಿಕೊಂಡು ಬಸ್ಸು ಹಿಡಿದರು. ಐದು ಕೂಡದೆ ಉಣ್ಣುವಂತಿಲ್ಲ, ಭಿಕ್ಷೆಯ ರೊಟ್ಟಿಯನ್ನು ಎಸೆಯುವಂತಿಲ್ಲ. ಆದ್ದರಿಂದ ಜೋಳಿಗೆ ಕೋಟಿನೊಳಗೆ ಬಂತು.

ಮನೆಯಲ್ಲಿ ಸಾವಿತ್ರೆವ್ವ ಬಾಗಿಲಲ್ಲೇ ನಿಂತಿದ್ದಳು. ಮುಗೀತೇ ಎಂದು ಕೇಳಿದಳು. ಮುಗೀತು ಎಂದರು. ಅವಳು ನವಲಗುಂದದ ದಿಕ್ಕಿಗೆ ಕೈಮುಗಿದು, ಸೆರಗಿನಿಂದ ಕಣ್ಣೊರೆಸಿಕೊಂಡು, ಅವರಿಗೆ ಬಿಸಿನೀರು ಕಾಸಲು ಓಡಿದಳು. ಅಂದು ಬಿಸಿನೀರಿನ ಮುಂದೆ ಕೂತು ಶಂಭುಲಿಂಗಪ್ಪನವರಿಗೆ ಆದ ನಾಚಿಕೆ, ಕರೇಗಟ್ಟಿಯ ಓಣಿಯಲ್ಲಿ ಆದದ್ದಕ್ಕಿಂತ ಹೆಚ್ಚಿನದು.

ಊರು ಮಾತ್ರ ಬೇರೆಯೇ ಗುಂಗಿನಲ್ಲಿತ್ತು. ಟ್ರ್ಯಾಕ್ಟರ್ ಯಾವ ಬಣ್ಣದ್ದೆಂದು ದುಂಡವ್ವ ಕೇಳಿದಳು. ಕೆಂಪು ಎಂದರು. ಕೆಂಪಾದರೆ ನಿಂಬೆಹಣ್ಣಿನ ಜೊತೆ ಮೆಣಸಿನಕಾಯಿ ಕಟ್ಟಬೇಕು, ದೃಷ್ಟಿಯಾಗುತ್ತದೆ ಎಂದು ಅವಳು ಕಟ್ಟಿಯೂ ತಂದಳು. ಬಡಿಗೇರ ಬಂದು ಟ್ರ್ಯಾಕ್ಟರ್ ನಿಲ್ಲಿಸಲು ಹಿತ್ತಲಲ್ಲಿ ಜಾಗ ಅಳೆದು, ನಡುವೆ ಅಡ್ಡ ಬರುವ ಬೇವಿನ ಮರ ಕಡಿಯುವುದೋ ಬೇಡವೋ ಎಂದು ಪಂಚರನ್ನು ಕೂಡಿಸಿದ. ಪಂಚರಲ್ಲಿ ಎರಡು ಪಾರ್ಟಿಯಾಗಿ, ಬೇವಿನ ಪಾರ್ಟಿಯವರು ಟ್ರ್ಯಾಕ್ಟರ್ ಪಾರ್ಟಿಯವರ ಜೊತೆ ಮಾತು ಬಿಟ್ಟರು. ಶಂಭುಲಿಂಗಪ್ಪನವರು ಎರಡೂ ಪಾರ್ಟಿಗೆ ಚಹಾ ಕೊಟ್ಟರು.

ರವಿವಾರ ಅಣ್ಣಿಗೇರಿಗೆ ಹೊರಟಾಗ ಕೋಟಿನೊಳಗೆ ಜೋಳಿಗೆಯೂ ಹೊರಟಿತು. ಮನೆಯಲ್ಲಿಟ್ಟರೆ, ದಿನಕ್ಕೆ ಹತ್ತು ಸಲ ಒಳಹೊರಗೆ ಮಾಡುವ ದುಂಡವ್ವನ ಕೈಗೆ ಸಿಗುವುದು ಖಂಡಿತ. ಗಂಡ ಹೊಟ್ಟೆ ಬಿಟ್ಟಂತೆ ಕಾಣುತ್ತಾನೆಂದು ಸಾವಿತ್ರೆವ್ವ ಬಸ್ಸಿನಲ್ಲಿ ಖುಷಿಪಟ್ಟಳು.

ಈರಬಸಪ್ಪನವರು ಬಾಗಿಲಿಗೇ ಬಂದು ಎದುರುಗೊಂಡರು. ಪಡಸಾಲೆಯಲ್ಲಿ ಹಿತ್ತಾಳೆ ಹಂಡೆಗಳು ಸಾಲಾಗಿ ಹೊಳೆಯುತ್ತಿದ್ದವು. ನಡುವೆ ತೂಗುಮಂಚ. ಗೋಡೆಯ ಮೇಲೆ ಗಡಿಯಾರವನ್ನು ಅಗದಿ ನೆಟ್ಟಗೆ ತೂಗಹಾಕಿದ್ದರು. ಬೀಗರ ಎದುರಿಗೆ ವಾರೆ ಗಡಿಯಾರ ಚೆನ್ನಾಗಿ ಕಾಣುತ್ತದೆಯೇ? ಆದ್ದರಿಂದ ಅದು ಹೊತ್ತುಗೊತ್ತಿಲ್ಲದೆ ನಾಲ್ಕೂವರೆ ತೋರಿಸುತ್ತಿತ್ತು. ಸುಶೀಲವ್ವನೂ ಬಂದಿದ್ದಳು. ಬೀಗರನ್ನು ಸತ್ಕರಿಸಲು ಎಂದು ಹೇಳಿದಳಾದರೂ, ಹಂಡೆಗಳನ್ನು ಎಣಿಸಿ ಒಯ್ಯಲು ಬಂದಿದ್ದಾಳೆಂಬುದು ಅವಳು ಅವುಗಳ ಪಕ್ಕದಲ್ಲೇ ಕೂತದ್ದರಿಂದ ತಿಳಿಯುತ್ತಿತ್ತು.

ಈರಬಸಪ್ಪನವರು ಕೈಹಿಡಿದು ತೂಗುಮಂಚದ ಮೇಲೆ ಕೂರಿಸಿದರು. ಇದು ನಮ್ಮ ಮುತ್ತ್ಯಾನ ಕಾಲದ್ದು, ಹಲಗೆ ಕಲ್ಲಿನಂತಿದೆ, ಎತ್ತಲು ನಾಲ್ಕು ಮಂದಿ ಬೇಕು ಎಂದರು. ಅದನ್ನು ಒಬ್ಬರೇ ಎತ್ತಿದ್ದ ಶಂಭುಲಿಂಗಪ್ಪನವರು ಹೌದೌದು ಎಂದು ತಲೆ ಆಡಿಸಿದರು. ಕೂತ ಕೂಡಲೇ ಕೋಟಿನೊಳಗೆ ಕಟ್ ಎಂದು ಸಪ್ಪಳವಾಯಿತು. ಮೂರು ದಿನ ಒಣಗಿದ ಜೋಳದ ರೊಟ್ಟಿ ಅದು. ಈರಬಸಪ್ಪನವರು ಸರಪಳಿಯನ್ನೂ ಮೇಲಿನ ಕೊಂಡಿಯನ್ನೂ ಗಾಬರಿಯಿಂದ ನೋಡಿದರು. ಶಂಭುಲಿಂಗಪ್ಪನವರು ಅಲುಗಾಡದೆ ಕೂತರು. ತೂಗುಮಂಚದ ಮೇಲೆ ಅಲುಗಾಡದೆ ಕೂರುವುದು ಎಷ್ಟು ಕಷ್ಟವೆಂಬುದು ಕೂತವರಿಗೇ ಗೊತ್ತು.

ಚಹಾ ಆಯಿತು, ಚುರಮರಿ ಆಯಿತು. ಕುಬೇರಪ್ಪ ಎಲೆ-ಅಡಿಕೆಯ ತಾಟು ನಡುವೆ ಇಟ್ಟು, ಒಳ್ಳೆಯ ಗಳಿಗೆ ಹನ್ನೊಂದರೊಳಗೆ ಮುಗಿಯುತ್ತದೆ, ಈಗ ಎಷ್ಟಾಯಿತು ಎಂದ. ಎಲ್ಲರೂ ಗೋಡೆ ನೋಡಿದರು. ನಾಲ್ಕೂವರೆ. ಅಲ್ಲಿದ್ದ ಯಾರ ಕೈಯಲ್ಲೂ ಕೈಗಡಿಯಾರವಿರಲಿಲ್ಲ. ಎಂದೂ ನಿಂತದ್ದಲ್ಲ, ಇವತ್ತೇ ಏನಾಯಿತೋ ಎಂದು ಈರಬಸಪ್ಪನವರು ಬೆವರು ಒರೆಸಿಕೊಂಡರು.

ಆಮೇಲೆ ನಡೆದದ್ದಕ್ಕೆ ಶಂಭುಲಿಂಗಪ್ಪನವರ ಬುದ್ಧಿ ಹೊಣೆಯಲ್ಲ, ಅವರ ಕೈ ಹೊಣೆ. ಬೀಗರ ಪೇಚಾಟ ನೋಡಲಾರದೆ ಅವರು ಎದ್ದರು, ಕೈ ಚಾಚಿ, ಗಡಿಯಾರವನ್ನು ಬಲಕ್ಕೆ ವಾರೆ ಮಾಡಿದರು. ಟಿಕ್ ಎಂದಿತು. ನಡೆಯತೊಡಗಿತು. ಹಿಂದೆ ಸರಿಯುವಾಗ ತೂಗುಮಂಚದ ಸರಪಳಿ ಟೊಪ್ಪಿಗೆಗೆ ತಗುಲಿತು, ಟೊಪ್ಪಿಗೆ ಹಂಡೆಯೊಳಗೆ ಬಿತ್ತು.

"ಬೋ..." ಎಂದ ಈರಬಸಪ್ಪನವರು ಉಳಿದದ್ದನ್ನು ನುಂಗಿಕೊಂಡರು.

ಸುಶೀಲವ್ವ ಅಣ್ಣನ ಮುಖ ನೋಡಿದಳು, ಬೀಗರ ತಲೆ ನೋಡಿದಳು. ಗುರುವಾರ ಹಳ್ಳದಿಂದ ಬಂದಾಗ ಅಮೀರಬಿ ಆಳಿನ ಬೋಳು ತಲೆಯಿಂದ ಹಿಡಿದು ಬೀಡಿಯತನಕ ಎಲ್ಲವನ್ನೂ ಹೇಳಿದ್ದಳು. ಅಜ್ಜನ ಆಳನ್ನು ಬರಿಗೈಯಲ್ಲಿ ಕಳಿಸಿದ ಮನೆಯೆಂಬ ಹೆಸರು ತನಗೆ ಬಂತೆಂದು ಅವಳು ಅಂದಿನಿಂದ ಸರಿಯಾಗಿ ಉಂಡಿರಲಿಲ್ಲ.

"ಅಣ್ಣಾ, ಅಜ್ಜನ ಆಳಿನ ತಲಿಮ್ಯಾಲ ಮನಿ ಹೊರಿಸಿ, ಬೀಡಿ ಕೊಟ್ಟು ಕಳಿಸಿದ್ದು ಇವರಿಗೇನು?"

ಈರಬಸಪ್ಪನವರು ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡರು. ಅವರ ಮಗ, ಹೈಸ್ಕೂಲ್ ಮಾಸ್ತರ, ಬಾಗಿಲ ಮರೆಯಿಂದ ಒಂದು ಹೆಜ್ಜೆ ಬಂದವನು ಎರಡು ಹೆಜ್ಜೆ ಹಿಂದೆ ಹೋದ. ಆದರೆ ಶಂಭುಲಿಂಗಪ್ಪನವರು ಅವರಾರನ್ನೂ ನೋಡುತ್ತಿರಲಿಲ್ಲ. ಸಾವಿತ್ರೆವ್ವ ಎದ್ದು ನಿಂತಿದ್ದಳು.

"ಬೀಡಿ ಅಂದ್ರ? ಮತ್ತ ಐದನೇ ಮನಿ?" ಎಂದಳು. "ಮುಗೀತು ಅಂದ್ರಲ್ಲ ನನ್ನ ಮುಂದ. ನಿಮ್ಮ ಜೀವಾ ಉಳೀಲಿ ಅಂತ ನಾ ಸೆರಗೊಡ್ಡಿ ಬೇಡಿದ್ದೆ. ನನಗ ನಾಚಿಕಿ ಬಂದಿರಲಿಲ್ರಿ ಆವಾಗ."

ಅವಳ ದನಿ ಜೋರಿರಲಿಲ್ಲ. ಜೋರಿದ್ದಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಬೋಳು ತಲೆಯ ಮೇಲೆ ಎಲ್ಲರ ಕಣ್ಣಿದ್ದುದು ಈಗ ಅವರಿಗೆ ಲೆಕ್ಕಕ್ಕೇ ಬರಲಿಲ್ಲ. ಹೆಂಡತಿಯ ಎದುರಿಗೆ ಸುಳ್ಳನಾಗಿ ನಿಂತದ್ದೊಂದೇ ಉಳಿದಿತ್ತು, ಅದು ಬಹಳ ದೊಡ್ಡದಿತ್ತು. ಅವರು ಕೋಟು ಬಿಚ್ಚಿ ತೂಗುಮಂಚದ ಮೇಲಿಟ್ಟರು. ಚಾಳೀಸು ತೆಗೆದು ಕೋಟಿನ ಮೇಲಿಟ್ಟರು. ಜೋಳಿಗೆಯಿಂದ ಬೀಡಿ ಕಟ್ಟು ತೆಗೆದು ಈರಬಸಪ್ಪನವರ ಮುಂದಿನ ಎಲೆ-ಅಡಿಕೆಯ ತಾಟಿನಲ್ಲಿಟ್ಟರು. ಆಮೇಲೆ ಹೊಸ್ತಿಲ ಹೊರಗೆ ಹೋಗಿ, ಜೋಳಿಗೆಯನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು, ಅಣ್ಣಿಗೇರಿಯ ಓಣಿಗೆಲ್ಲ ಕೇಳುವಂತೆ ಕೂಗಿದರು.

"ಅಜ್ಜನ ಭಿಕ್ಷಾ."

ಆಚೀಚೆ ಮನೆಯವರು ಹೊರಬಂದರು. ಕುಬೇರಪ್ಪನಿಗೆ ಹನ್ನೊಂದರ ಚಿಂತೆ. ಈ ಹರಕೆ ಕರೇಗಟ್ಟಿಯ ಮನೆಯಲ್ಲೇ ತೀರಬೇಕಲ್ಲ, ಅಣ್ಣಿಗೇರಿಯಲ್ಲಿ ಹೇಗೆ ನಡೆದೀತು ಎಂದು ತಕರಾರು ತೆಗೆದ. ಅದಕ್ಕೆ ಸುಶೀಲವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದಳು.

"ಆ ತೂಗುಮಂಚ ನಂದು. ಹಂಡೆ ನಂದು. ಗಡಿಯಾರ ನಂದು. ಒಳಗ ಬೇಯೋ ರೊಟ್ಟಿ ಹಿಟ್ಟೂ ನಮ್ಮನೀದು. ಇಲ್ಲಿ ನಮ್ಮಣ್ಣಂದು ಅಂತ ಏನೈತ್ರಿ? ಇದು ನಮ್ಮನೀನ."

ಓಣಿಯವರಿಗೆ ಮುತ್ತ್ಯಾನ ತೂಗುಮಂಚದ ಪೂರ್ತಿ ಇತಿಹಾಸ ತಿಳಿಯಿತು. ಒಳಗಿಂದ ಬಿಸಿ ರೊಟ್ಟಿ ಬಂತು. ತಂಗಿಯ ಕೈಯಿಂದ ಅದನ್ನು ಈರಬಸಪ್ಪನವರೇ ಇಸಿದುಕೊಂಡು, ರುಮಾಲಿಲ್ಲದ ತಲೆಯಲ್ಲಿ ಹೊಸ್ತಿಲಿಗೆ ಬಂದರು. ನೋಡಿದರೆ ಅವರ ತಲೆಯೂ ಬೋಳು.

ಶಂಭುಲಿಂಗಪ್ಪನವರು ಜೋಳಿಗೆ ಹಿಂದಕ್ಕೆ ಸರಿಸಿದರು. ಕೆಲಸ ಮಾಡದೆ ಅಜ್ಜನ ಆಳು ರೊಟ್ಟಿ ತೆಗೆದುಕೊಳ್ಳುವಂತಿಲ್ಲ.

"ಏನರ ಒಂದ ಕೆಲಸ ಹೇಳ್ರಿ" ಎಂದರು.

ಗುರುವಾರ ಈರಬಸಪ್ಪನವರು ಒಂದಾದ ಮೇಲೊಂದು ಕೆಲಸ ಹೇಳಿದ್ದರು. ಈಗ ಬಿಸಿ ರೊಟ್ಟಿಯನ್ನು ಕೈಯಿಂದ ಕೈಗೆ ಬದಲಾಯಿಸಿದರು. ಅವರು ಸಾವಿತ್ರೆವ್ವನ ಕಡೆ ನೋಡಿದರು, ಬಾಗಿಲ ಮರೆಯ ಮಗನ ಕಡೆ ನೋಡಿದರು, ಕೊನೆಗೆ ಎದುರಿಗಿದ್ದ ಬೋಳು ತಲೆಯನ್ನು ನೋಡಿದರು.

"ಹಂಗಾರ ಒಂದ ಹೇಳತೇನ್ರಿ. ಇಷ್ಟ ಆದಮ್ಯಾಲೂ ಮನಸ್ಸ ಬಂದ್ರ, ನಿಮ್ಮ ಮಗಳನ್ನ ನಮ್ಮನಿಗೆ ಕೊಡ್ರಿ."

ಗಂಡಿನ ಕಡೆಯವರು ಹೊಸ್ತಿಲಲ್ಲಿ ನಿಂತು ಹೆಣ್ಣು ಬೇಡಿದ್ದನ್ನು ಅಣ್ಣಿಗೇರಿ ಓಣಿ ಅಂದೇ ನೋಡಿದ್ದು. ಯಾರು ಆಳು, ಯಾರು ಧಣಿ ಎಂಬುದು ಅಲ್ಲಿ ನಿಂತ ಯಾರಿಗೂ ಗೊತ್ತಾಗಲಿಲ್ಲ. ಅಜ್ಜನ ಆಳು ಹೇಳಿದ ಕೆಲಸಕ್ಕೆ ಒಲ್ಲೆ ಅನ್ನುವಂತಿಲ್ಲ. ಶಂಭುಲಿಂಗಪ್ಪನವರು ಹೆಂಡತಿಯ ಮುಖ ನೋಡಿದರು. ಸಾವಿತ್ರೆವ್ವ ಕಣ್ಣೊರೆಸಿಕೊಂಡು ತಲೆ ಆಡಿಸಿದಳು.

"ಆತ್ರಿ" ಎಂದರು ಅವರು. ರೊಟ್ಟಿ ಬಿತ್ತು. ಈ ಸಲ ಅವರು ಕಣ್ಣು ಮುಚ್ಚಲಿಲ್ಲ.

ಐದೂ ರೊಟ್ಟಿಯನ್ನು ಅವರು ಅಲ್ಲೇ ಕಟ್ಟೆಯ ಮೇಲೆ ಕೂತು ತಿಂದರು. ನಾಲ್ಕು ಕಟಕಟ ಅಂದವು, ಐದನೆಯದು ಮೆತ್ತಗಿತ್ತು. ಬಾಜು ಕೂತ ಈರಬಸಪ್ಪನವರಿಗೂ ಅರ್ಧ ಮುರಿದು ಕೊಟ್ಟರು. ಎಲೆ-ಅಡಿಕೆ ಬದಲಾಯಿತು, ತಾಟಿನ ನಡುವೆ ಬೀಡಿ ಕಟ್ಟು ಇದ್ದಂತೆಯೇ. ಅಮೀರಬಿ ಹೇಳಿದ್ದು ಪೂರ್ತಿ ನಿಜವಲ್ಲ. ನಾಚಿಕೆ ಹೋಗಿರಲಿಲ್ಲ, ಆದರೆ ಅದನ್ನು ಹೊರಲು ಇನ್ನೊಬ್ಬರು ಸಿಕ್ಕಿದ್ದರು.

ಸಂಜೆ ಚಕ್ಕಡಿ ಬಂತು. ಸುಶೀಲವ್ವ ತನ್ನ ಸಾಮಾನು ಇವತ್ತೇ ಹೋಗಬೇಕೆಂದಳು. ಯಾರೂ ಕರೆಯದೆಯೇ ಇಬ್ಬರೂ ಬೀಗರು ಎದ್ದು, ತೂಗುಮಂಚದ ಹಲಗೆಗೆ ಈ ತುದಿಗೊಬ್ಬರು ಆ ತುದಿಗೊಬ್ಬರು ತಲೆಗೊಟ್ಟು ಓಣಿಗೆ ಇಳಿದರು. ಎರಡು ಬೋಳು ತಲೆಗಳ ಮೇಲೆ ಹಲಗೆ ಚೆನ್ನಾಗಿಯೇ ಕೂತಿತ್ತು. ಕುಬೇರಪ್ಪ ಮಾತ್ರ ಬೆಳಗಿನಿಂದ ಒಂದು ಮಾತು ಕೇಳಬೇಕೆಂದು ಕಾಯುತ್ತಿದ್ದವನು, ಅವರ ಹಿಂದೆಯೇ ನಡೆಯುತ್ತ, ಓಣಿಯ ಜನರ ನಡುವೆ ಕೇಳಿಬಿಟ್ಟ.

"ಅಲ್ರಿ ಶಂಭುಲಿಂಗಪ್ಪನವರ, ಹಂಗಾರ ಆ ಟ್ರ್ಯಾಕ್ಟರ್?"

ತಲೆಯ ಮೇಲೆ ಹಲಗೆಯಿದ್ದುದರಿಂದ ಶಂಭುಲಿಂಗಪ್ಪನವರು ಹಿಂದೆ ತಿರುಗುವಂತಿರಲಿಲ್ಲ. ಅದಕ್ಕಾಗಿ ಅಜ್ಜನಿಗೆ ಮನಸ್ಸಿನಲ್ಲೇ ಕೈಮುಗಿದು, ಹೆಜ್ಜೆ ಬೇಗ ಬೇಗ ಹಾಕಿದರು.